ಒಂದೇ ಕಚೇರಿ ಸಾಕೇ?

ಪ್ರಶ್ನೆ: ಗಣಿ ಇಲಾಖೆ, ಅರಣ್ಯ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ದಿಲ್ಲಿಯ ಸಚಿವಾಲಯ, ಮೇಲೆ ಸುಪ್ರೀಂ ಕೋರ್ಟ್. ಧೂಳಿನ ಬಗ್ಗೆ ದೂರು ಕೊಟ್ಟರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಎಲ್ಲವನ್ನೂ ಒಂದೇ ಪ್ರಾಧಿಕಾರಕ್ಕೆ ಕೊಟ್ಟುಬಿಟ್ಟರೆ ಒಳ್ಳೆಯದಲ್ಲವೇ?
– ನಿವೃತ್ತ ಶಿಕ್ಷಕ, ಸಂಡೂರು

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬೇವಿನ ಎಲೆ ಮುಟ್ಟಿದರೆ ಅದಿರಿನ ಧೂಳಿಗೆ ಬೆರಳು ಕೆಂಪಾಗುವ ಊರಿನವರನ್ನು ಕಚೇರಿಯಿಂದ ಕಚೇರಿಗೆ ಅಲೆಸಬಾರದು. ಆದರೆ ಒಂದೇ ಪ್ರಾಧಿಕಾರ ಬೇಕು ಅಂತೀರಲ್ಲ, ಅದನ್ನು ನಾನು ಒಪ್ಪಲಾರೆ.

ಬಳ್ಳಾರಿಯ ಅದಿರಿನ ಕಳವು ಹೇಗೆ ಬಯಲಾಯಿತು, ನೆನಪು ಮಾಡಿಕೊಳ್ಳಿ. 2010ರಲ್ಲಿ ದೂರದ ಬೇಲೆಕೇರಿ ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಅದಿರನ್ನು ಹಿಡಿದವರು ಅರಣ್ಯ ಇಲಾಖೆಯವರು. ಹಿಡಿದಿಟ್ಟ ಅದಿರೂ ಅಲ್ಲಿಂದ ಮಾಯವಾಯಿತು! ಅಲ್ಲಿನ ಅರಣ್ಯಾಧಿಕಾರಿ ಆರ್. ಗೋಕುಲ್ ಅವರ ಅಮಾನತಿನ ವಿಚಾರಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆಯನ್ನೇ ಕೊಟ್ಟರು, ಆಮೇಲೆ ವಾಪಸ್ ಪಡೆದರು. ಲೋಕಾಯುಕ್ತರ ತನಿಖೆಗೆ ನೆರವಾದ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಗಣಿ ಪರ್ಮಿಟ್, ರೈಲ್ವೆ ದಾಖಲೆ, ಬಂದರಿನ ಲೆಕ್ಕ ಎಲ್ಲವನ್ನೂ ಎದುರುಬದುರು ಇಟ್ಟು ನೋಡಿತು. ಲೆಕ್ಕ ತಾಳೆಯಾಗಲಿಲ್ಲ. ಎಲ್ಲ ಕಾಗದವೂ ಒಂದೇ ಕಪಾಟಿನಲ್ಲಿ, ಒಬ್ಬರದೇ ಕೀಲಿಕೈಯಲ್ಲಿ ಇದ್ದಿದ್ದರೆ ಯಾವುದರ ಜೊತೆ ಯಾವುದನ್ನು ಹೋಲಿಸುತ್ತಿದ್ದರು ಹೇಳಿ? ಅತ್ತ ಧಾರವಾಡದ ಸ್ವಯಂಸೇವಾ ಸಂಸ್ಥೆ ಸಮಾಜ ಪರಿವರ್ತನ ಸಮುದಾಯ ಅಕ್ರಮ ಗಣಿಗಾರಿಕೆ ವಿರುದ್ಧ 2009ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ 'ಸಿ' ವರ್ಗದ, ಅಂದರೆ ಅತಿ ಹೆಚ್ಚು ಅಕ್ರಮ ನಡೆಸಿದ್ದ ಗಣಿಗಳ ಗುತ್ತಿಗೆಗಳು ರದ್ದಾದವು.

ಒಂದೇ ಕಚೇರಿಯ ಪ್ರಯೋಗವನ್ನೂ ನೋಡಿದ್ದೇವೆ. ಗಣಿ ಬಾಧಿತ ಊರುಗಳ ಪುನಶ್ಚೇತನಕ್ಕೆ ಅಂತಲೇ ಒಂದು ನಿಗಮ ಮಾಡಿದರು. ಸಾವಿರಾರು ಕೋಟಿ ರೂಪಾಯಿ ವರ್ಷಗಟ್ಟಲೆ ಸುಮ್ನೆ ಕೂತಿತ್ತು. ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟೇ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿ ಅವರನ್ನು ಉಸ್ತುವಾರಿಗೆ ನೇಮಿಸಬೇಕಾಯಿತು.

ನನ್ನ ತಕರಾರು ಬೇರೆ ಇದೆ. ಇಷ್ಟು ಕಚೇರಿಗಳ ನಡುವೆ ನಮ್ಮ ಜನಕ್ಕೆ ಜಾಗ ಎಲ್ಲಿದೆ? 2006ರ ಪರಿಸರ ಅಧಿಸೂಚನೆಯ ಪ್ರಕಾರ, ಗಣಿಗೆ ಪರಿಸರ ಅನುಮತಿ ಕೊಡುವ ಮುಂಚೆ ಊರಿನವರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲೇ ತಿಳಿಸಬೇಕು. ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದ್ದು ಪರಿಸರದ ಮೇಲಿನ ಪರಿಣಾಮದ ವರದಿಯ ಸಾರಾಂಶ ಮಾತ್ರ. ಬಾವಿಯ ನೀರು, ಧೂಳಿನ ಅಳತೆ, ಲಾರಿಗಳ ಲೆಕ್ಕ ಇರುವ ದಪ್ಪ ಪುಸ್ತಕ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಸಂಡೂರಿನ ರೈತ ಅದನ್ನು ಓದದೆ ಏನಂತ ಪ್ರಶ್ನೆ ಕೇಳಬೇಕು? ಕನ್ನಡ ರಾಜ್ಯೋತ್ಸವಕ್ಕೆ ದುಡ್ಡಿರುವ ಸರ್ಕಾರಕ್ಕೆ ಇದನ್ನು ಕನ್ನಡಕ್ಕೆ ತರಿಸುವುದು ಕಷ್ಟವಾ?

ನೀವು ಪಾಠ ಹೇಳಿದವರು. ಮುಂದಿನ ಅಹವಾಲು ಸಭೆಗೆ ನೋಟಿಸ್ ಬಂದ ದಿನವೇ ನಾಲ್ಕು ಜನರನ್ನು ಕೂಡಿಸಿಕೊಂಡು ಪೂರ್ತಿ ವರದಿ ಕನ್ನಡದಲ್ಲಿ ಬೇಕು ಅಂತ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.