ಹೊಸಬರು ಬರೆದದ್ದನ್ನು ತೆಗೆದ ಮೇಲೆ ಏನು ಹೇಳಬೇಕು?

ಪ್ರಶ್ನೆ: ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ ಕನ್ನಡ ವಿಕಿಪೀಡಿಯದಲ್ಲಿ ಕಿನ್ನಾಳ ಕಲೆಯ (ನಮ್ಮ ಜಿಲ್ಲೆಯ ಕಿನ್ನಾಳ ಊರಿನ ಮರದ ಗೊಂಬೆಗಳ ಕಲೆ) ಬಗ್ಗೆ ನಾಲ್ಕು ಪ್ಯಾರಾ ಸೇರಿಸಿದ್ದ. ಒಂದು ಪ್ಯಾರಾ ಯಾವುದೋ ಜಾಲತಾಣದಿಂದ ಎತ್ತಿದ್ದು, ಉಳಿದವುಗಳ ತುಂಬ ‘ಜಗತ್ಪ್ರಸಿದ್ಧ’, ‘ನಮ್ಮ ಹೆಮ್ಮೆ’. ಎಲ್ಲ ರದ್ದು ಮಾಡಿ, ಅವನ ಚರ್ಚಾಪುಟದಲ್ಲಿ (ಸದಸ್ಯರಿಗೆ ಸಂದೇಶ ಬರೆಯುವ ಪುಟ) ‘ನಿಯಮ ಓದಿಕೊಂಡು ಬರೆಯಿರಿ’ ಎಂದು ಬರೆದೆ. ಆಮೇಲೆ ಅವನು ಆ ಕಡೆ ತಲೆ ಹಾಕಿಲ್ಲ. ನಾನು ಮಾಡಿದ್ದು ತಪ್ಪೇ?
— ಓದುಗರು, ಕೊಪ್ಪಳ

ಉತ್ತರ: ನಕಲು ಪ್ಯಾರಾ ತೆಗೆದದ್ದು ಸರಿ, ಅದಕ್ಕೆ ಕಾಯುವಂತಿಲ್ಲ. ವಿಕಿಪೀಡಿಯದ ಪಠ್ಯವನ್ನು ಯಾರು ಬೇಕಾದರೂ ಪುಸ್ತಕ ಮಾಡಿ ಮಾರಬಹುದು. ಹಾಗಾಗಿ ಇನ್ನೊಬ್ಬರ ವಾಕ್ಯಕ್ಕೆ ಅಲ್ಲಿ ಜಾಗವಿಲ್ಲ. ಉಳಿದ ಮೂರನ್ನೂ ಅದರ ಜೊತೆಗೇ ಕಿತ್ತದ್ದು ಮಾತ್ರ ಕಸ ತೆಗೆಯಲು ಹೋಗಿ ಬೆಳೆಯನ್ನೂ ಕಿತ್ತಂತಾಯಿತು. ಹೊಗಳಿಕೆ ಅಳಿಸಲು ಐದು ನಿಮಿಷ ಸಾಕಿತ್ತು: ‘ಜಗತ್ಪ್ರಸಿದ್ಧ’ ಇದ್ದಲ್ಲಿ ‘ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ’ ಎಂದಿಟ್ಟು ಆಕರ ಕೊಟ್ಟರೆ ಮುಗಿಯಿತು.

ನೀವು ಚರ್ಚಾಪುಟದಲ್ಲಿ ಬರೆಯುವ ಮೊದಲೇ ‘ನಿಮ್ಮ ಸಂಪಾದನೆ ರದ್ದಾಗಿದೆ’ ಎಂಬ ಸೂಚನೆ ಬರೆದವರಿಗೆ ಹೋಗಿರುತ್ತದೆ. ಕಾರಣ ಅಲ್ಲೇ ಕಾಣಬೇಕು. ರೋಲ್‌ಬ್ಯಾಕ್ ಗುಂಡಿ (ಒಬ್ಬರ ಕೊನೆಯ ಸಂಪಾದನೆಗಳನ್ನು ಒಂದೇ ಒತ್ತಿಗೆ ರದ್ದು ಮಾಡುವಂಥದ್ದು) ಕಾರಣ ಕೇಳುವುದಿಲ್ಲ, ಅದನ್ನು ಕಿಡಿಗೇಡಿಗಳ ಬರಹ ತೆಗೆಯಲಷ್ಟೇ ಬಳಸಿ. ಇಂಥ ಕಡೆ ರದ್ದು ಮಾಡುವಾಗ ಸಾರಾಂಶದಲ್ಲಿ (ಏನು, ಏಕೆ ಬದಲಿಸಿದಿರಿ ಎಂದು ಹೇಳುವ ಸಾಲು) ‘2ನೇ ಪ್ಯಾರಾ ಜಾಲತಾಣದ ನಕಲು’ ಎಂದು ಬರೆಯಿರಿ. ಒಮ್ಮೆ ಉಳಿಸಿದ ಸಾರಾಂಶವನ್ನು ತಿದ್ದಲು ಬರುವುದಿಲ್ಲ, ಸಿಟ್ಟಿನಲ್ಲಿ ಬರೆದದ್ದು ಪುಟದ ಇತಿಹಾಸದಲ್ಲಿ (ಎಲ್ಲ ಬದಲಾವಣೆಗಳ ಪಟ್ಟಿ) ಹಾಗೇ ಉಳಿಯುತ್ತದೆ.

ಕೈ ಹಾಕುವ ಹೊತ್ತೂ ಮುಖ್ಯ. ಹೊಸಬರು ಎರಡು ಸಾಲಿಗೊಮ್ಮೆ ಉಳಿಸುತ್ತಾರೆ. ನಡುವೆ ನೀವು ತಿದ್ದಿದರೆ ಸಂಪಾದನಾ ಸಂಘರ್ಷದ ಪರದೆ ಬಂದು, ಏನು ಮಾಡಬೇಕೆಂದು ತೋಚದೆ ಬರೆದದ್ದನ್ನೇ ಕಳೆದುಕೊಳ್ಳುತ್ತಾರೆ. ನಕಲು ಅಲ್ಲದಿದ್ದರೆ ಇತಿಹಾಸ ನೋಡಿ, ಅವರು ಕೈ ಬಿಟ್ಟ ಮೇಲೆ ತಿದ್ದಿ.

‘ನಿಯಮ ಓದಿ’ ಎಂದರೆ ಯಾವುದನ್ನು? ನಿಯಮದ ಪುಟಗಳು ಒಂದೆರಡಲ್ಲ. ಇಷ್ಟು ಬರೆದಿದ್ದರೆ ಸಾಕಿತ್ತು: ‘ನಮಸ್ಕಾರ. ಹುಣಸೆ ಬೀಜದ ಅಂಟಿನ ಬಗ್ಗೆ ನೀವು ಸೇರಿಸಿದ್ದು ಲೇಖನಕ್ಕೆ ಬೇಕಾಗಿತ್ತು. 2ನೇ ಪ್ಯಾರಾ ಒಂದು ಜಾಲತಾಣದಲ್ಲಿ ಹಾಗೇ ಇರುವುದರಿಂದ ತೆಗೆದಿದ್ದೇನೆ. ವಿಷಯ ಅದೇ ಇರಲಿ, ವಾಕ್ಯ ನಿಮ್ಮವಾಗಲಿ. ಪ್ರಯೋಗಪುಟದಲ್ಲಿ (ನಿಮ್ಮ ಅಭ್ಯಾಸದ ಪುಟ) ಬರೆದು ತಿಳಿಸಿ, ನೋಡುತ್ತೇನೆ.’ ಕೊನೆಗೆ ನಾಲ್ಕು ಟಿಲ್ಡೆ (~~~~) ಹಾಕಿ ಸಹಿ. ಒಂದು ಸಲಕ್ಕೆ ಒಂದೇ ತಪ್ಪು. ವರ್ಗ, ಕೊಂಡಿ, ಶೈಲಿ ಎಲ್ಲ ಆಮೇಲೆ.

ಹುಡುಗ ನಿಮ್ಮ ಪರಿಚಯದವನೇ ಆಗಿರಬಹುದು. ಚರ್ಚಾಪುಟ ಊರೆಲ್ಲ ಓದುವ ಜಾಗ, ಅಲ್ಲಿ ‘ತಮ್ಮಾ’, ‘ನೀನು’ ಬೇಡ. ಅವನ ಹೆಸರು, ಕಾಲೇಜನ್ನು ಅವನೇ ಹೇಳಿಕೊಂಡಿರದಿದ್ದರೆ ನೀವೂ ಬರೆಯಬಾರದು.

ಆಕರದ ವಿಷಯದಲ್ಲಿ ‘ಉಲ್ಲೇಖ ಕೊಡಿ’ ಎಂದಷ್ಟೇ ಹೇಳದೆ ಎಲ್ಲಿ ಹುಡುಕಬೇಕೆಂದು ತೋರಿಸಿ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಪುಸ್ತಕ, ಗೆಜೆಟಿಯರ್‌ಗಳಲ್ಲಿ ಕಿನ್ನಾಳ ಸಿಗುವುದು ರಾಯಚೂರು ಜಿಲ್ಲೆಯಡಿ. ಇದು ಗೊತ್ತಿಲ್ಲದೆ ‘ಆಕರವೇ ಇಲ್ಲ’ ಎಂದು ಕೈಚೆಲ್ಲುವವರು ಬಹಳ. ಈ ಗೊಂಬೆ ಮಾಡುವ ಚಿತ್ರಗಾರರ ಬಾಯಿಂದ ಕೇಳಿದ್ದು ಎಷ್ಟೇ ನಿಜವಿರಲಿ, ಪ್ರಕಟವಾಗದೆ ಲೇಖನಕ್ಕೆ ಬಾರದು. ಆದರೆ ಅವರ ಒಪ್ಪಿಗೆ ಪಡೆದು, ಕೆಲಸ ಮಾಡುವಾಗ ವಿದ್ಯಾರ್ಥಿಯೇ ತೆಗೆದ ಫೋಟೊ ಕಾಮನ್ಸ್‌ಗೆ (ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಮುಕ್ತ ಭಂಡಾರ) ಹೋಗಬಹುದು. ಹೊಸಬರಿಗೆ ಕೊಡಲು ಅದಕ್ಕಿಂತ ಒಳ್ಳೆಯ ಕೆಲಸ ನಮಗೆ ತೋಚದು.

ಅವನು ಉತ್ತರಿಸದಿದ್ದರೆ ಸೊಕ್ಕು ಎಂದುಕೊಳ್ಳಬೇಡಿ. ಮೊಬೈಲಿನಲ್ಲಿ ಬರೆಯುವ ಎಷ್ಟೋ ಜನರ ಕಣ್ಣಿಗೆ ಚರ್ಚಾಪುಟದ ಸಂದೇಶ ಬೀಳುವುದೇ ಇಲ್ಲ.

ಈಗಲೂ ಸರಿಪಡಿಸಬಹುದು. ಇತಿಹಾಸದ ಹಳೆಯ ಆವೃತ್ತಿ ತೆರೆದು, ಅವನದೇ ಮೂರು ಪ್ಯಾರಾ ತಿದ್ದಿ ಲೇಖನಕ್ಕೆ ಮರಳಿ ಹಾಕಿ. ಸಾರಾಂಶದಲ್ಲಿ ಅವನ ಸದಸ್ಯಪುಟಕ್ಕೆ ಕೊಂಡಿ ಕೊಟ್ಟರೆ ಸೂಚನೆ ತಾನಾಗಿ ಹೋಗುತ್ತದೆ. ಇಲ್ಲವೇ, ಒಂದೇ ಕಾಲೇಜು ತಾನೆ, ಎದುರಿಗೆ ಸಿಕ್ಕಾಗ ಹೇಳಿ.