ದುಡ್ಡಿಗೇ ನಿಲ್ಲೋದು ಅಂದವರಿಗೆ

ವಾರಕ್ಕೆ ನಾಲ್ಕು ಪತ್ರ ಬಂದರೆ ಮೂರರಲ್ಲಿ ಇದೇ ಪ್ರಶ್ನೆ. ಈ ಸಲ ಉತ್ತರಿಸಿ ಮುಗಿಸಿಬಿಡ್ತೇನೆ.

ಪ್ರಶ್ನೆ: ಸ್ಥಳೀಯ ಚುನಾವಣೆಗೆ ಜನ ನಿಲ್ಲೋದು ದುಡ್ಡು ಮಾಡೋಕೆ ತಾನೇ? ಸೇವೆ ಗೀವೆ ಎಲ್ಲ ಬಾಯಿಮಾತು ಅಲ್ವಾ?

ಉತ್ತರ: ದುಡ್ಡಿಗೆ ನಿಲ್ಲುವವರೂ ಇದ್ದಾರೆ. ಆದರೆ ಕೈಯಿಂದ ಖರ್ಚು ಮಾಡಿ, ಸೋತು, ಮತ್ತೆ ನಿಲ್ಲುವವರಿಗೆ ನಿಮ್ಮ ಲೆಕ್ಕ ಹೊಂದುವುದಿಲ್ಲ.

ಹೊಸ ಅಭ್ಯರ್ಥಿಗಳು ಸಿಕ್ಕರೆ "ಯಾಕೆ ನಿಂತಿರಿ?" ಅಂತ ನಾನು ಕೇಳುವುದೇ ಇಲ್ಲ. ಕೇಳಿದರೆ ಭಾಷಣ ಶುರುವಾಗುತ್ತದೆ. "ನಿಲ್ಲುವ ಮಾತು ಮೊದಲು ಎತ್ತಿದ್ದು ಯಾರು?" ಅಂತ ಕೇಳುತ್ತೇನೆ. ಒಬ್ಬಾಕೆ ಚೀಲದಿಂದ ಫೈಲು ತೆಗೆದು ಮೇಜಿನ ಮೇಲಿಟ್ಟರು. ಮನೆ ಮುಂದಿನ ಚರಂಡಿಗಾಗಿ ಕೊಟ್ಟ ಹನ್ನೊಂದು ಅರ್ಜಿಗಳ ನಕಲು. ಪ್ರತಿಯೊಂದರ ಮೇಲೂ 'ಸ್ವೀಕರಿಸಲಾಗಿದೆ' ಅನ್ನುವ ಸೀಲು. ಚರಂಡಿ ಮಾತ್ರ ಹಾಗೇ ಇತ್ತು. "ಹನ್ನೆರಡನೇದು ನಾಮಪತ್ರ ಹಾಕಿ" ಅಂದದ್ದು ಪಕ್ಕದ ಮನೆಯವರು. ಸಿಟ್ಟು ಆಕೆಯದ್ದು, ನಿಲ್ಲುವ ಯೋಚನೆ ಇನ್ನೊಬ್ಬರದ್ದು.

ಯಾರಾದರೂ ಬಂದು ಕೇಳುವುದು ಸಣ್ಣ ಸಂಗತಿಯಲ್ಲ. ಅಮೆರಿಕದಲ್ಲಿ ಜೆನಿಫರ್ ಲಾಲೆಸ್ ಮತ್ತು ರಿಚರ್ಡ್ ಫಾಕ್ಸ್ ಅನ್ನುವ ಇಬ್ಬರು ರಾಜಕೀಯ ಶಾಸ್ತ್ರಜ್ಞರು ವಕೀಲರು, ಶಿಕ್ಷಕರು, ಉದ್ಯಮಿಗಳನ್ನೆಲ್ಲ ಮಾತಾಡಿಸಿದರು. ಒಂದೇ ಮಟ್ಟದ ಅರ್ಹತೆ ಇದ್ದರೂ ಹೆಂಗಸರಿಗೆ "ನೀವು ನಿಲ್ಲಿ" ಅನ್ನುವವರು ಕಡಿಮೆ. ತಾವು ಅರ್ಹರು ಅಂತ ಅವರಿಗೇ ಅನಿಸುವುದೂ ಕಡಿಮೆ. ಬಾಗಿಲು ಒಮ್ಮೆ ತೆರೆದರೆ ಏನಾಗುತ್ತದೆ ಅನ್ನುವುದಕ್ಕೆ ಮುಂಬೈ ನೋಡಿ. ಮಹಿಳಾ ಮೀಸಲಾತಿ ಇದ್ದು ಆಮೇಲೆ ಹೋದ ವಾರ್ಡುಗಳಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ, ಮೀಸಲಾತಿ ಇಲ್ಲದಿದ್ದ ವಾರ್ಡುಗಳಿಗಿಂತ ಸುಮಾರು 5 ಪಟ್ಟು ಜಾಸ್ತಿ ಅಂತ ಸಂಶೋಧಕ ರಿಖಿಲ್ ಭಾವ್ನಾನಿ 2009ರಲ್ಲಿ ತೋರಿಸಿದರು.

ಗೆದ್ದಮೇಲೆ ಕಾರಣ ಬದಲಾಗುವುದೂ ಉಂಟು. ಒಂದು ಅವಧಿ ಸಾಕು ಅನ್ನುವವರು, ಅದೇ ಕುರ್ಚಿ ಬಿಡದವರು, ಮೇಲಿನ ಕುರ್ಚಿಗೆ ಕಣ್ಣಿಟ್ಟವರು ಅಂತ ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಜೋಸೆಫ್ ಶ್ಲೆಸಿಂಜರ್ 1966ರಲ್ಲೇ ಮೂರು ಬಗೆ ಮಾಡಿದ್ದರು. ಚರಂಡಿಗೆ ಬಂದವರು ಮೂರನೇ ಗುಂಪು ಸೇರಿದ್ದನ್ನು ನಾನೇ ನೋಡಿದ್ದೇನೆ. ಅದೇನು ಅಪರಾಧವಲ್ಲ, ಚರಂಡಿ ಆಗಿದ್ದರೆ ಸರಿ.

ಪ್ರಶ್ನೆ: ದುಡ್ಡು ಕಟ್ಟಿ ಆನ್‌ಲೈನ್ ಪರೀಕ್ಷೆ ಬರೆದೆ. 'ಹುಟ್ಟು ನಾಯಕ' ಅಂತ ಬಂತು. ನಿಲ್ಲಲೇ?

ಉತ್ತರ: ಕಟ್ಟಿದ ದುಡ್ಡು ವಾಪಸ್ ಕೇಳಿ. ಯಾರು ಹುಟ್ಟು ನಾಯಕರು ಅಂತ ಹೇಳಬಲ್ಲ ಪರೀಕ್ಷೆ ಯಾವುದೂ ಇಲ್ಲ.

ಪ್ರಶ್ನೆ: ಮನೆಯವರಿಗೆ ಇಷ್ಟವಿಲ್ಲ. ಹೇಳದೆ ನಾಮಪತ್ರ ಹಾಕಲೇ?

ಉತ್ತರ: ಬೇಡ. ರಾತ್ರಿ ಹನ್ನೊಂದಕ್ಕೆ ನಲ್ಲಿ ನೀರು ಬಂದಿಲ್ಲ ಅಂತ ಫೋನ್ ಬಂದರೆ ಎತ್ತುವುದು ಅವರೇ.