ಬೆಳಿಗ್ಗೆ ಶುಗರ್ ಮಾತ್ರೆ, ರಾತ್ರಿ ಮದ್ಯ: ನಡುವೆ 12 ಗಂಟೆ ಸಾಕೇ?

ತಂದೆಯವರು ಬೆಳಿಗ್ಗೆ 8ಕ್ಕೆ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ನುಂಗುತ್ತಾರೆ, ರಾತ್ರಿ 8ಕ್ಕೆ ಒಂದು ಕ್ವಾರ್ಟರ್ ವಿಸ್ಕಿ ಕುಡಿಯುತ್ತಾರೆ, ಇಷ್ಟು ಅಂತರ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಮುಧೋಳದಲ್ಲಿ ಔಷಧ ಅಂಗಡಿ ನಡೆಸುತ್ತೇನೆ. ಕಬ್ಬಿನ ಹಣ ಕೈಗೆ ಬರುವ ದಿನಗಳಲ್ಲಿ ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ.

ಆ ಮಾತ್ರೆಯನ್ನು ದಿನಕ್ಕೊಮ್ಮೆ ಕೊಡುವುದೇ ಅದರ ಪ್ರಭಾವ ಸುಮಾರು 24 ಗಂಟೆ ಇರುತ್ತದೆ ಎಂದು. ರಾತ್ರಿ ಲೋಟ ಹಿಡಿದಾಗಲೂ ಅದು ದೇಹದಿಂದ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. 180 ಮಿ.ಲೀ. ವಿಸ್ಕಿಯಲ್ಲಿರುವುದು ಸುಮಾರು 60 ಗ್ರಾಂ ಆಲ್ಕೋಹಾಲ್. ಯಕೃತ್ತು ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಮಜ್ಜಿಗೆ, ನಿಂಬೆರಸ, ತಣ್ಣೀರಿನ ಸ್ನಾನ ಯಾವುದರಿಂದಲೂ ಆ ವೇಗ ಹೆಚ್ಚುವುದಿಲ್ಲ. ಅಂದರೆ ಬೆಳಗಿನ ಜಾವದವರೆಗೂ ಮಾತ್ರೆ, ಮದ್ಯ ಎರಡೂ ರಕ್ತದಲ್ಲಿ ಜೊತೆಗೇ ಇರುತ್ತವೆ.

ಅಪಾಯವಿರುವುದು ಇಲ್ಲಿ. ನಿದ್ದೆಯಲ್ಲಿ ರಕ್ತಕ್ಕೆ ಗ್ಲುಕೋಸ್ ಒದಗಿಸುವುದು ಯಕೃತ್ತು. ಕೂಡಿಟ್ಟ ಗ್ಲುಕೋಸ್ ತೀರುತ್ತ ಬಂದಂತೆ ಅದು ಹೊಸದನ್ನು ತಯಾರಿಸಬೇಕು. ಆಲ್ಕೋಹಾಲ್ ಆ ತಯಾರಿಕೆಯನ್ನೇ ತಡೆಯುತ್ತದೆ. ಮಾತ್ರೆ ಸಕ್ಕರೆಯನ್ನು ಇಳಿಸುತ್ತಿದೆ, ಮೇಲೆತ್ತಬೇಕಾದ ಅಂಗಕ್ಕೆ ಕೈ ಕಟ್ಟಿದೆ. ಶೇಂಗಾ, ಚೂಡಾ ತಿಂದು ರೊಟ್ಟಿ ಉಣ್ಣದೆ ಮಲಗಿದರಂತೂ ಸಕ್ಕರೆ ಇನ್ನೂ ಬೇಗ ಕುಸಿಯುತ್ತದೆ. ಆಗ ಬರುವ ಬೆವರು, ತೊದಲು ಮಾತು, ತೂರಾಟ, ಮಂಪರು ಅಮಲಿನ ಹಾಗೆಯೇ ಕಾಣುತ್ತವೆ. ಕುಡಿದಿದ್ದಾರೆ, ಮಲಗಲಿ ಎಂದು ಮನೆಯವರು ಹೊದಿಕೆ ಹೊದಿಸಿ ಸುಮ್ಮನಾಗುತ್ತಾರೆ. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದೇ.

ಜೊತೆಗೆ ಮೆಟ್‌ಫಾರ್ಮಿನ್ ಎಂಬ ಇನ್ನೊಂದು ಶುಗರ್ ಮಾತ್ರೆ ಇದ್ದರೆ, ಮಿತಿಮೀರಿ ಕುಡಿದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯವೂ ಸೇರುತ್ತದೆ. ನಿದ್ದೆ ಮಾತ್ರೆಯೊಂದಿಗಂತೂ ಮದ್ಯ ಬೇಡವೇ ಬೇಡ, ಉಸಿರಾಟವೇ ಕುಗ್ಗಬಹುದು.

ಹಾಗೆಂದು ಮಾತ್ರೆ ತಪ್ಪಿಸಿ ಕುಡಿಯುವುದು ಉಪಾಯವಲ್ಲ. ಕುಡಿಯುವ ವಿಷಯವನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಅಷ್ಟಾಗಿ ಇಳಿಸದ ಬೇರೆ ಔಷಧಗಳಿವೆ, ಬದಲಿಸಬೇಕೇ ಎಂಬುದನ್ನು ಅವರು ನಿರ್ಧರಿಸಲಿ. ಮನೆಯಲ್ಲಿ ಗ್ಲುಕೋಮೀಟರ್ ಇರಲಿ. ಅದರಲ್ಲಿ ಸಕ್ಕರೆ 70ಕ್ಕಿಂತ ಕಡಿಮೆ ತೋರಿಸಿ, ಎಚ್ಚರವಾಗಿದ್ದು ನುಂಗಬಲ್ಲರಾದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಎಬ್ಬಿಸಿದರೂ ಏಳದಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ, ಶುಗರ್ ಮಾತ್ರೆ ಮತ್ತು ಮದ್ಯ ಎರಡನ್ನೂ ತಿಳಿಸಿ.